ತೂಬು ಎಲ್ಲಿರಬೇಕು? ಪ್ರೀಆಂಪ್ಲಿಫೈಯರಿನ ಕಥೆ

ತೂಬಗೆರೆ ಎಂಬ ಹೆಸರಿನಲ್ಲಿ ತೂಬೂ ಉಂಟು, ಕೆರೆಯೂ ಉಂಟು. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿಯ ಬೇಸಾಯಗಾರರಿಗೆ ತೂಬಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ ತುಂಬಿದ್ದರೆ ಸಾಲದು. ಗದ್ದೆಗೆ ಬೇಕಾದಷ್ಟನ್ನೇ ಹದವಾಗಿ ಬಿಡಬೇಕು. ಹೆಚ್ಚಾದರೆ ಪೈರು ಕೊಚ್ಚಿಹೋದೀತು, ಕಡಮೆಯಾದರೆ ಒಣಗೀತು. ಮನೆಯಲ್ಲಿ ಸಂಗೀತ ಕೇಳುವ ಯಂತ್ರಗಳ ಮಾತೂ ಹೀಗೆಯೇ.

ಈಚೆಗೆ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಅಂಕೆಗಳ ರೂಪದಲ್ಲಿ ಬರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಡಿಜಿಟಲ್ ಪರಿವರ್ತಕ, ಅಂದರೆ ‘ಡ್ಯಾಕ್’, ಒಂದು ಕಡೆ; ಧ್ವನಿವರ್ಧಕಕ್ಕೆ ಬಲ ಕೊಡುವ ಪವರ್ ಆಂಪ್ಲಿಫೈಯರ್ ಇನ್ನೊಂದು ಕಡೆ. ಇವೆರಡನ್ನೂ ನೇರವಾಗಿ ಜೋಡಿಸಬಹುದೆ, ಅಥವಾ ನಡುವೆ ಪ್ರೀಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆ ಬೇಕೆ? ಆ ಪೆಟ್ಟಿಗೆಗೆ ಹಣ ತೆರಬೇಕಾದುದರಿಂದ ಇದು ಬರಿಯ ವಿನೋದದ ಚರ್ಚೆಯಲ್ಲ. ಉತ್ತರ ಬೇಕಾದರೆ ಆ ಪೆಟ್ಟಿಗೆ ಹುಟ್ಟಿದ್ದೇಕೆ ಎಂಬುದನ್ನು ಮೊದಲು ನೋಡಬೇಕು.

1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದರು. ಆ ಪ್ರೇಷಕದ ಶಕ್ತಿ ಕೇವಲ 30 ವಾಟ್. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. 1994ರಲ್ಲಿ ಯಲಹಂಕದಾಚೆ, ದೊಡ್ಡಬಳ್ಳಾಪುರದ ದಿಕ್ಕಿನಲ್ಲಿ, 500 ಕಿಲೋವಾಟ್‌ಗಳ ಶಾರ್ಟ್‌ವೇವ್ ಪ್ರೇಷಕಗಳು ಎದ್ದುನಿಂತವು. ಮೂವತ್ತು ವಾಟ್ ಎಲ್ಲಿ, ಐದು ಲಕ್ಷ ವಾಟ್ ಎಲ್ಲಿ! ಆದರೆ ಎರಡಕ್ಕೂ ಮೂಲದಲ್ಲಿ ದೊರೆತದ್ದು ಒಂದೇ ಬಗೆಯ ಅಲ್ಪ ಬಂಡವಾಳ. ಮನುಷ್ಯನ ಮಾತಿಗೆ ಮೈಕ್ರೊಫೋನು ಕೊಡುವುದು ಕೆಲವೇ ಮಿಲಿವೋಲ್ಟ್, ಎಂದರೆ ವೋಲ್ಟಿನ ಸಾವಿರದ ಕೆಲವು ಪಾಲು. ಅದನ್ನು ನೂರಾರು ಪಟ್ಟು ಹೆಚ್ಚಿಸಿದ ಹೊರತು ಮುಂದಿನ ಯಂತ್ರಕ್ಕೆ ಅದು ಕೇಳಿಸದು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಆಡಿಯಾನ್ ವಾಲ್ವಿನ ಸಂತತಿಯೇ ಈ ಕೆಲಸವನ್ನು ವಹಿಸಿಕೊಂಡಿತು. ಹೀಗೆ ಮೊದಲ ಮೆಟ್ಟಿಲಿನಲ್ಲಿ ನಿಂತು ಎತ್ತಿಕೊಡುವುದೇ ಪ್ರೀಆಂಪ್ಲಿಫೈಯರ್.

ಮನೆಯ ಮಟ್ಟಿಗೆ ಕಥೆ ತುಸು ಬೇರೆ. ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮಫೋನಿಗಾಗಿ ಎರಡು ತೂತುಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಕಾಲದ ಕ್ರಿಸ್ಟಲ್ ಪಿಕಪ್ಪು ಅರ್ಧ ವೋಲ್ಟಿಗೂ ಮಿಕ್ಕು ಕೊಡುತ್ತಿತ್ತಾಗಿ, ತಂತಿಯನ್ನು ಅಲ್ಲಿ ಸಿಕ್ಕಿಸಿದರೆ ಸಾಕು, ಹಾಡು ಕೇಳುತ್ತಿತ್ತು. ಎಂದಮೇಲೆ ನೇರ ಜೋಡಣೆ ಹೊಸ ಕಾಲದ ಸಾಹಸವೇನೂ ಅಲ್ಲ. 1948ರಲ್ಲಿ ದೀರ್ಘಾವಧಿಯ ಎಲ್.ಪಿ. ತಟ್ಟೆಗಳು ಬಂದವು. ಅವುಗಳ ಸೂಕ್ಷ್ಮವನ್ನು ಹಿಡಿಯಬಲ್ಲ ಮ್ಯಾಗ್ನೆಟಿಕ್ ಪಿಕಪ್ಪು ಸುಮಾರು 5 ಮಿಲಿವೋಲ್ಟ್ ಮಾತ್ರ ಕೊಡುತ್ತಿತ್ತು. ಸಾಲದುದಕ್ಕೆ, ತಟ್ಟೆ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಿದ್ದರು. ಕೇಳುವಾಗ ಅದನ್ನು ತಿರುವುಮುರುವು ಮಾಡಬೇಕು. 1954ರಲ್ಲಿ ಆರ್.ಐ.ಎ.ಎ. ಎಂಬ ಒಂದೇ ಕ್ರಮ ಇದಕ್ಕೆ ಗೊತ್ತಾಯಿತು. ಹೆಚ್ಚಿಸುವುದು, ತಿದ್ದುವುದು, ರೇಡಿಯೋ ಬೇಕೋ ತಟ್ಟೆ ಬೇಕೋ ಎಂದು ಆರಿಸುವುದು, ಸದ್ದನ್ನು ಹದಗೊಳಿಸುವುದು: ಈ ನಾಲ್ಕು ಕೆಲಸಗಳನ್ನೂ ಹೊತ್ತು ಪ್ರೀಆಂಪ್ಲಿಫೈಯರು ಮನೆಯೊಳಗೆ ಬಂದಿತು.

ಇತ್ತ ಅಂಕೆಗಳ ವಿದ್ಯೆ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ಪ್ಯಾರಿಸಿನಲ್ಲಿ ದುಡಿಯುತ್ತಿದ್ದ ಇಂಗ್ಲೆಂಡಿನ ಅಲೆಕ್ ರೀವ್ಸ್ ಎಂಬಾತ 1937ರಲ್ಲಿಯೇ ಧ್ವನಿಯನ್ನು ಅಂಕೆಗಳಾಗಿ ಕಳುಹಿಸುವ ಉಪಾಯವನ್ನು ಕಂಡಿದ್ದನು. ಅದು ಮನೆಮನೆಗೆ ತಲಪಿದ್ದು 1982ರಲ್ಲಿ, ಕಾಂಪ್ಯಾಕ್ಟ್ ಡಿಸ್ಕಿನ ಮೂಲಕ. ಅಲ್ಲಿ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಅದನ್ನು ಮತ್ತೆ ಅಲೆಯಾಗಿಸುವ ಪರಿವರ್ತಕ ಹೊರಗೆ ಕೊಡುವುದು ಸುಮಾರು 2 ವೋಲ್ಟ್.

ಇಲ್ಲಿಯೇ ಕಥೆ ತಿರುಗುತ್ತದೆ. ಒಂದು ಸಾಮಾನ್ಯ ಪವರ್ ಆಂಪ್ಲಿಫೈಯರು ತನಗೆ ಬಂದ ವೋಲ್ಟನ್ನು ಸುಮಾರು 20 ಪಟ್ಟು ಮಾಡುತ್ತದೆ ಎನ್ನೋಣ. ಒಂದು ವೋಲ್ಟ್ ಕೊಟ್ಟರೆ 20 ವೋಲ್ಟ್ ಆಯಿತು. 8 ಓಮಿನ ಧ್ವನಿವರ್ಧಕದಲ್ಲಿ ಅದು 50 ವಾಟ್. ಎರಡು ವೋಲ್ಟ್ ಕೊಟ್ಟರೆ 40 ವೋಲ್ಟ್, ಲೆಕ್ಕಕ್ಕೆ 200 ವಾಟ್! ನಡುಮನೆಗೆ ಇಷ್ಟೇಕೆ? ಆದ್ದರಿಂದ ‘ಹೆಚ್ಚಿಸುವ’ ಕೆಲಸ ಇಲ್ಲಿ ಉಳಿದಿಲ್ಲ, ಆರ್.ಐ.ಎ.ಎ. ತಿದ್ದುಪಡಿಯೂ ಬೇಕಿಲ್ಲ. ಉಳಿದುದು ಆರಿಸುವುದು ಮತ್ತು ತಗ್ಗಿಸುವುದು. ನೀರು ತುಂಬಿಸುವ ಏತ ಬೇಡವಾಯಿತು, ತೂಬು ಮಾತ್ರ ಬೇಕೇ ಬೇಕು.

ಆ ತೂಬನ್ನು ಪರಿವರ್ತಕದೊಳಗೇ ಇಡಬಹುದು, ಹೊರಗೂ ಇಡಬಹುದು. ಒಳಗಿಟ್ಟರೆ ಅಂಕೆಗಳನ್ನೇ ಚಿಕ್ಕದು ಮಾಡಿ ಸದ್ದನ್ನು ತಗ್ಗಿಸುತ್ತಾರೆ. ಪ್ರತಿ 6 ಡೆಸಿಬೆಲ್ ಇಳಿಸಿದಾಗ ಒಂದು ಬಿಟ್ ಕಳೆದಂತೆ. 24 ಡೆಸಿಬೆಲ್ ಇಳಿಸಿದರೆ 16ರಲ್ಲಿ 12 ಉಳಿಯುತ್ತದೆ. ಮೊದಮೊದಲಿನ ಯಂತ್ರಗಳ ಮೇಲೆ ಈ ಆಕ್ಷೇಪಣೆ ನ್ಯಾಯವಾಗಿತ್ತು. ಈಗಿನ ಪರಿವರ್ತಕಗಳು 24 ಬಿಟ್‌ಗಳಲ್ಲಿ ಲೆಕ್ಕ ಮಾಡುವುದರಿಂದ 8 ಬಿಟ್‌ಗಳ, ಎಂದರೆ ಸುಮಾರು 48 ಡೆಸಿಬೆಲ್‌ಗಳ ಅವಕಾಶ ಹೆಚ್ಚಾಗಿ ದೊರೆಯುತ್ತದೆ. ಆದರೂ ಒಂದು ಮಾತು ಉಳಿಯುತ್ತದೆ. ಪರಿವರ್ತಕಕ್ಕೆ ತನ್ನದೇ ಆದ ಸಣ್ಣ ಮೊರೆತವಿದೆ. ಅಂಕೆಗಳಲ್ಲಿ ಸದ್ದನ್ನು ತಗ್ಗಿಸಿದರೆ ಸಂಗೀತ ಇಳಿಯುತ್ತದೆ, ಮೊರೆತ ಇಳಿಯುವುದಿಲ್ಲ. ಪರಿವರ್ತಕದ ಮುಂದೆ ಹೊರಗಿನ ತಿರುಗುಗುಂಡಿಯಿದ್ದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ರಾತ್ರಿಯ ನೀರವದಲ್ಲಿ ಮೆಲ್ಲಗೆ ಕೇಳುವವರು ಈ ಭೇದವನ್ನು ಗುರುತಿಸಬಲ್ಲರು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಸಂಗೀತದ ಮೂಲ ಒಂದೇ ಆಗಿದ್ದು, ಪರಿವರ್ತಕದಲ್ಲಿ ಒಳ್ಳೆಯ ಸದ್ದಿನ ಹತೋಟಿಯಿದ್ದರೆ ನೇರ ಜೋಡಣೆ ಧಾರಾಳವಾಗಿ ಸಾಕು. ಒಂದು ಪೆಟ್ಟಿಗೆಯ ಹಣವೂ ಅದರ ಅಲ್ಪಸ್ವಲ್ಪ ಗೊಣಗೂ ಉಳಿದಂತಾಯಿತು. ಎಲ್.ಪಿ. ತಟ್ಟೆ, ರೇಡಿಯೋ, ಟೇಪು ಎಲ್ಲವನ್ನೂ ಇಟ್ಟುಕೊಂಡಿರುವವರಿಗೆ ಪ್ರೀಆಂಪ್ಲಿಫೈಯರು ಇಂದಿಗೂ ಬೇಕು. ಹತೋಟಿಯೇ ಇಲ್ಲದ ಪರಿವರ್ತಕವನ್ನು, ತನಗೂ ಹತೋಟಿಯಿಲ್ಲದ ಆಂಪ್ಲಿಫೈಯರಿಗೆ ಎಂದೂ ನೇರವಾಗಿ ಜೋಡಿಸಬಾರದು. ಹತೋಟಿ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ, ಅದು ಒಂದು ಗಳಿಗೆ ತಪ್ಪಿದರೂ ಪೂರ್ಣ 2 ವೋಲ್ಟ್ ನುಗ್ಗಿ ಧ್ವನಿವರ್ಧಕ ಸುಟ್ಟೀತು, ಎಳೆಯರ ಕಿವಿಗೂ ಪೆಟ್ಟಾದೀತು. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕಡೆಯಲ್ಲಿ ಹಚ್ಚಿ, ಎಲ್ಲಕ್ಕಿಂತ ಮೊದಲು ಆರಿಸುವ ಹಳೆಯ ಅಭ್ಯಾಸ ಇಲ್ಲಿಯೂ ಒಳ್ಳೆಯದು.

ಪ್ರೀಆಂಪ್ಲಿಫೈಯರು ಹುಟ್ಟಿದ್ದು ಕ್ಷೀಣವಾದ ಮೂಲಕ್ಕೆ ನೆರವಾಗಲೆಂದು. ಮೂಲವೇ ಬಲವಾದಾಗ ಅದು ಪಕ್ಕಕ್ಕೆ ಸರಿದರೆ ಅವಮಾನವೇನಿಲ್ಲ. ಆದರೆ ಕೆರೆ ಎಷ್ಟು ತುಂಬಿದ್ದರೂ ತೂಬನ್ನು ಕಿತ್ತುಹಾಕಿದ ಊರು ಮಾತ್ರ ಉಂಟೆ?