ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಬಣ್ಣದ ಟೇಪ್: ಪಾಲಕರಿಗೆ ತಿಳಿದಿರಲಿ

ಹಲಸಂಗಿ: ಆಟಗಾರರ ಭುಜ, ಮೊಣಕಾಲಿಗೆ ಅಂಟಿಸಿದ ನೀಲಿ, ಗುಲಾಬಿ ಪಟ್ಟಿಯನ್ನು ಟಿವಿಯಲ್ಲಿ ನೋಡಿರ್ತೀರಿ. ಅದೇ ಕಿನೆಸಿಯೋ ಟೇಪ್. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ್ದು. ಸೆರೆಬ್ರಲ್ ಪಾಲ್ಸಿ ಮಕ್ಕಳ ಫಿಜಿಯೋಥೆರಪಿಯಲ್ಲೂ ಇದರ ಬಳಕೆ ಇದೆ.

ಕಾಯಿಲೆ ಏನು?: ಹೆರಿಗೆಗೆ ಮೊದಲು, ಹೆರಿಗೆ ವೇಳೆ ಅಥವಾ ನಂತರ ಮಗುವಿನ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿಯಾಗ್ತವೆ, ಇಲ್ಲವೇ ಸಡಿಲಾಗ್ತವೆ. ಇದು ಶಾಪ ಅಲ್ಲ, ಅಂಟುರೋಗವೂ ಅಲ್ಲ.

ಟೇಪ್ ಕೆಲಸ: ಹಿಗ್ಗುವ ಹತ್ತಿ ಪಟ್ಟಿ, ಔಷಧ ಇರೋದಿಲ್ಲ. ಬೆನ್ನು ನೆಟ್ಟಗಿಟ್ಟು ಕೂಡಲು, ಮಡಚಿದ ಹೆಬ್ಬೆರಳು ಬಿಡಿಸಲು ಆಸರೆ ಕೊಡ್ತದೆ. 3ರಿಂದ 5 ದಿನ ಇರ್ತದೆ.

ಮಿತಿ: ಕಾಯಿಲೆ ವಾಸಿ ಮಾಡಲ್ಲ. ಅಧ್ಯಯನಗಳ ಫಲಿತಾಂಶವೂ ಒಂದೇ ಥರ ಇಲ್ಲ. ದಿನದ ವ್ಯಾಯಾಮ ಬಿಟ್ಟು ಬರೀ ಟೇಪಿಗೆ ದುಡ್ಡು ಸುರಿಯಬೇಡಿ.

ಎಚ್ಚರ: ತರಬೇತಿ ಪಡೆದ ಫಿಜಿಯೋಥೆರಪಿಸ್ಟರೇ ಅಂಟಿಸಬೇಕು. ಗಾಯದ ಮೇಲೆ ಬೇಡ. ಚರ್ಮ ಕೆಂಪಾದರೆ, ಮಾತು ಬಾರದ ಮಗು ಸುಮ್ಮನೆ ಅಳುತ್ತಿದ್ದರೆ, ಎಣ್ಣೆ ಹಚ್ಚಿ ನಿಧಾನ ತೆಗೀರಿ.

ಎಲ್ಲಿ ಕೇಳಬೇಕು?: ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗುವನ್ನು ತೋರಿಸಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳಲ್ಲಿ ಇದೂ ಒಂದು. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ನಿರಾಮಯ ವಿಮೆಯಲ್ಲಿ 1 ಲಕ್ಷ ರೂ.ವರೆಗೆ ನೆರವಿದ್ದು, ಮಿತಿಯೊಳಗೆ ಥೆರಪಿ ಖರ್ಚೂ ಸೇರುತ್ತದೆ.