ಕೊಳಗ ಒಂದು, ಹೊಲ ಹಲವು: ಶಿವಪ್ಪನಾಯಕನ ಶಿಸ್ತಿನಿಂದ ಶಾಲೆಯ ಶ್ರೇಣಿಗಳವರೆಗೆ

ತೂಕ ಮತ್ತು ಅಳತೆಗಳ ಶುದ್ಧಿಯನ್ನು ಜೈನಾಚಾರವು ವ್ರತದ ವಿಷಯವೆಂದೇ ಎಣಿಸಿದೆ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದು ಎಂಬುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಸ್ವಾಧ್ಯಾಯ ಮಾಡಿದವರೆಲ್ಲರೂ ಬಲ್ಲರು. ಕೊಳ್ಳುವಾಗ ಒಂದು ಕೊಳಗ, ಮಾರುವಾಗ ಮತ್ತೊಂದು ಕೊಳಗ ಇಟ್ಟುಕೊಂಡವನು ಯಾರ ಮನೆಯ ಬೀಗವನ್ನೂ ಮುರಿಯದೆಯೇ ಪರರ ಸ್ವತ್ತನ್ನು ಅಪಹರಿಸಿದವನಾಗುತ್ತಾನೆ. ಭತ್ತ, ಅಡಕೆ, ಮೆಣಸುಗಳ ಅಳತೆಗೆ ಸಲ್ಲುವ ಈ ವಿವೇಕವು ಮಕ್ಕಳ ವಿದ್ಯೆಯ ಅಳತೆಗೂ ಸಲ್ಲಬೇಕು. ಏಕೆಂದರೆ ಹತ್ತನೆಯ ತರಗತಿಯ ಅಂಕಪಟ್ಟಿಯ ಮೇಲಿನ ಒಂದಕ್ಷರವು ಮಗುವಿಗೆ ಯಾವ ಕಾಲೇಜು, ಯಾವ ವಿದ್ಯಾರ್ಥಿವೇತನ, ಎಷ್ಟು ಆತ್ಮವಿಶ್ವಾಸ ದೊರೆಯಬೇಕೆಂಬುದನ್ನು ನಿರ್ಧರಿಸುತ್ತಿದೆ. ಆ ಅಕ್ಷರವು ನ್ಯಾಯವಾದ ಅಳತೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇತಿಹಾಸವು ಒಂದು ಉಪಯುಕ್ತ ನಿದರ್ಶನವನ್ನು ಒದಗಿಸುತ್ತದೆ.

ಶಿಸ್ತಿನ ನಾಡು

ಈ ಮೂರು ತಾಲ್ಲೂಕುಗಳು ಒಂದು ಕಾಲಕ್ಕೆ ಕೆಳದಿ ಅರಸರ ರಾಜ್ಯದ ಹೃದಯಭಾಗವಾಗಿದ್ದವು. ಅವರ ಮೊದಲ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಅನಂತರದ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿಗೆ ಸೇರಿದೆ. ಅವರ ಬಲವಾದ ಗಿರಿದುರ್ಗವಾದ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಕ್ರಿ.ಶ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಇಲ್ಲಿ ಜಾರಿಗೆ ತಂದ ಭೂಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದು ಹೆಸರು. ಆತನನ್ನು ಜನ ‘ಶಿಸ್ತಿನ ಶಿವಪ್ಪನಾಯಕ’ನೆಂದೇ ಇಂದಿಗೂ ನೆನೆಯುತ್ತಾರೆ.

ಶಿಸ್ತಿನ ತಿರುಳು ವರ್ಗೀಕರಣ. ಮಣ್ಣಿನ ಗುಣ ಮತ್ತು ನೀರಿನ ಅನುಕೂಲವನ್ನು ನೋಡಿ ಸಾಗುವಳಿಯ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಲಾಯಿತು. ಆಯಾ ತರಗತಿಯ ಹೊಲಗಳಲ್ಲಿ ಸರ್ಕಾರದ ವತಿಯಿಂದಲೇ ಕೆಲವು ವರ್ಷ ಬೆಳೆ ತೆಗೆಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಹುಟ್ಟುವಳಿಗಳನ್ನು ಬರೆದಿಟ್ಟು, ಸರಾಸರಿಯನ್ನು ತೆಗೆದ ಮೇಲೆ ಕಂದಾಯವನ್ನು ಗೊತ್ತುಪಡಿಸಲಾಯಿತು. ಅಳತೆಗೆ ಖಂಡುಗ ಬೀಜವರಿಯೇ ಆಧಾರ. ಒಟ್ಟು ಹುಟ್ಟುವಳಿಯ ಮೂರನೆಯ ಒಂದು ಪಾಲು ಅರಸನಿಗೆ ಸಲ್ಲಬೇಕಾಗಿತ್ತು. ದರವು ಊರಿಂದೂರಿಗೆ ಬದಲಾಗುತ್ತಿತ್ತು.

ಮೂರನೆಯ ಒಂದು ಪಾಲೆಂಬುದು ರೈತನಿಗೆ ಹಗುರವಾದ ಹೊರೆಯಾಗಿರಲಿಲ್ಲ. ಬೊಕ್ಕಸವನ್ನು ತುಂಬುವುದೇ ಶಿಸ್ತಿನ ಉದ್ದೇಶವೂ ಆಗಿತ್ತು. ಆದರೂ ಅಳತೆಯ ದೃಷ್ಟಿಯಿಂದ ಅದರಲ್ಲಿ ಮೂರು ಗುಣಗಳು ಕಾಣುತ್ತವೆ. ಮೊದಲನೆಯದು, ಕೇಳುವ ಮೊದಲು ಪರೀಕ್ಷಿಸಿ ನೋಡಿದ್ದು. ಎರಡನೆಯದು, ಖಂಡುಗವೆಂಬ ಮಾನವು ಎಲ್ಲರಿಗೂ ಒಂದೇ ಆಗಿದ್ದು, ಮುಂಚಿತವಾಗಿ ತಿಳಿದಿದ್ದದ್ದು. ಮೂರನೆಯದು, ತರಗತಿಯ ಹೆಸರು ಭೂಮಿಗೆ ಅಂಟಿತೇ ಹೊರತು ಉಳುವವನಿಗೆ ಅಂಟಲಿಲ್ಲ. ಬಡ ಮಣ್ಣಿನವನಿಂದ ಕಡಿಮೆಯನ್ನೂ ಒಳ್ಳೆಯ ನೀರಾವರಿಯವನಿಂದ ಹೆಚ್ಚನ್ನೂ ಕೇಳಲಾಯಿತು. ಕೊಳಗ ಒಂದೇ ಆಗಿತ್ತು, ಆದರೆ ಕೇಳಿಕೆಯು ಹೊಲಕ್ಕೆ ತಕ್ಕಂತಿತ್ತು. ಈ ಮೂರು ಗುಣಗಳನ್ನು ಒರೆಗಲ್ಲಾಗಿಟ್ಟುಕೊಂಡು ಶಾಲೆಯ ಶ್ರೇಣಿಗಳನ್ನು ಪರಿಶೀಲಿಸಬಹುದು.

ಅಕ್ಷರಗಳ ಆಗಮನ

ವಿದ್ಯಾರ್ಥಿಗಳನ್ನು ವರ್ಗವರ್ಗವಾಗಿ ವಿಂಗಡಿಸುವ ಪದ್ಧತಿಯ ಹಳೆಯ ದಾಖಲೆಗಳಲ್ಲೊಂದು ಅಮೆರಿಕದ ಯೇಲ್ ಕಾಲೇಜಿನದು. 1785ರಲ್ಲಿ ಅದರ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಲ್ಯಾಟಿನ್ ಹೆಸರುಗಳ ನಾಲ್ಕು ವರ್ಗಗಳಲ್ಲಿ ಇರಿಸಿದನು. ಶೇಕಡಾ ಅಂಕಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳನ್ನು ಜೋಡಿಸಿದ ಕ್ರಮವು 1897ರಲ್ಲಿ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಕಾಣಿಸಿತು. ಅಲ್ಲಿ 95ಕ್ಕೆ ಮೇಲ್ಪಟ್ಟವರಿಗೆ ಮಾತ್ರ ಎ ಸಲ್ಲುತ್ತಿತ್ತು, 75ಕ್ಕಿಂತ ಕಡಿಮೆಯಾದವರು ಅನುತ್ತೀರ್ಣರಾಗುತ್ತಿದ್ದರು.

ಹದಿನೈದು ವರ್ಷ ಕಳೆಯುವುದರೊಳಗೆ ಆ ದೇಶದಲ್ಲಿಯೇ ಈ ಅಳತೆಯ ಬಗೆಗೆ ಸಂಶಯ ಹುಟ್ಟಿತು. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಹಲವಾರು ಪ್ರೌಢಶಾಲೆಗಳಿಗೆ ಕಳುಹಿಸಿ, 142 ಅಧ್ಯಾಪಕರು ಕೊಟ್ಟ ಅಂಕಗಳನ್ನು ಹೋಲಿಸಿದರು. ಒಬ್ಬರು 64 ಕೊಟ್ಟ ಉತ್ತರಕ್ಕೆ ಮತ್ತೊಬ್ಬರು 98 ಕೊಟ್ಟಿದ್ದರು. ಭಾಷೆಯ ವಿಷಯದಲ್ಲಿ ಇದು ಸಹಜವೆಂದು ಕೆಲವರು ಆಕ್ಷೇಪಿಸಿದಾಗ, ಮರುವರ್ಷ ರೇಖಾಗಣಿತದ ಪತ್ರಿಕೆಯನ್ನೇ ಕಳುಹಿಸಿದರು. ಅಲ್ಲಿ ಅಂತರವು ಅರುವತ್ತು ಅಂಕಗಳನ್ನೂ ಮೀರಿತು. ಅಳೆಯುವ ಕೈ ಬದಲಾದರೆ ಅಳತೆಯೂ ಬದಲಾಗುತ್ತದೆಂಬ ಈ ಅನುಭವವು ಬಿಡಿ ಅಂಕಗಳ ಬದಲು ಅಗಲವಾದ ಶ್ರೇಣಿಗಳೇ ಲೇಸೆಂಬ ಅಭಿಪ್ರಾಯಕ್ಕೆ ಬಲ ಕೊಟ್ಟಿತು. ಎಪ್ಪತ್ತೊಂದಕ್ಕೂ ಎಪ್ಪತ್ತಮೂರಕ್ಕೂ ಇರುವ ಭೇದವನ್ನು ನಿಶ್ಚಯವಾಗಿ ಕಾಣಲಾರದ ಕಣ್ಣು ಆ ಭೇದವನ್ನು ಸಾರಬಾರದೆಂಬುದು ಅದರ ಹಿಂದಿನ ವಿನಯ.

ಭಾರತದಲ್ಲಿ 1952-53ರ ಮುದಲಿಯಾರ್ ಆಯೋಗವು ಅಂಕಗಳಿಗೆ ಬದಲಾಗಿ ಐದು ಮೆಟ್ಟಿಲುಗಳ ಅಕ್ಷರಶ್ರೇಣಿಯನ್ನು ಶಿಫಾರಸು ಮಾಡಿತು. ಶಿಸ್ತಿನ ತರಗತಿಗಳೂ ಐದೇ ಆಗಿದ್ದವು ಎಂಬುದು ಕಾಕತಾಳೀಯವಾದರೂ ಸ್ವಾರಸ್ಯಕರವಾಗಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅಂಕಗಳ ಸ್ಥಾನದಲ್ಲಿ ಶ್ರೇಣಿಗಳನ್ನು ಬಳಸಬೇಕೆಂದಿತು. ಕೇರಳವು 2005ರ ಎಸ್.ಎಸ್.ಎಲ್.ಸಿ.ಯಿಂದ ಒಂಬತ್ತು ಮೆಟ್ಟಿಲುಗಳ ಕ್ರಮವನ್ನು ತಂದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅಕ್ಷರಗಳಲ್ಲಿ ಫಲಿತಾಂಶ ಪಡೆಯತೊಡಗಿದರು. ಅಲ್ಲಿ ಶೇ. 30ಕ್ಕೆ ದೊರೆಯುವ ಡಿ ಪ್ಲಸ್ ಉತ್ತೀರ್ಣತೆಯ ಹೊಸ್ತಿಲು. ಅದೇ ಭಾಷೆಯಲ್ಲಿ ಓದುವ ಗಡಿಯ ಈಚೆಯ ಮಗುವಿಗೆ ಬಹುಕಾಲ ಹೊಸ್ತಿಲು ಶೇ. 35 ಆಗಿತ್ತು.

ಕೇಂದ್ರೀಯ ಮಂಡಳಿಯು ಅನುಸರಿಸಿದ ಮತ್ತೊಂದು ಬಗೆಯೂ ಉಂಟು. ಉತ್ತೀರ್ಣರಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಂಟು ಸಮಪಾಲು ಮಾಡಿ, ಮೊದಲ ಪಾಲಿನವರಿಗೆ ಎ-1, ಎರಡನೆಯ ಪಾಲಿನವರಿಗೆ ಎ-2 ಎಂದು ಕೊಡುತ್ತಾ ಹೋಗುವ ಈ ಕ್ರಮದಲ್ಲಿ ಮಗುವಿನ ಅಕ್ಷರವು ಅದು ಕಲಿತದ್ದರಿಂದಷ್ಟೇ ನಿರ್ಧಾರವಾಗುವುದಿಲ್ಲ, ಪಕ್ಕದವರು ಕಲಿತದ್ದರಿಂದಲೂ ನಿರ್ಧಾರವಾಗುತ್ತದೆ. ನೆರೆಯವನ ಬೆಳೆ ಕೆಡಲೆಂದು ಹಾರೈಸುವ ಮನಸ್ಸನ್ನು ಇಂತಹ ಅಳತೆಯು ಅರಿಯದೆಯೇ ಬೆಳೆಸಬಹುದು.

625ರ ಲೆಕ್ಕ

ಕರ್ನಾಟಕದ ಎಸ್.ಎಸ್.ಎಲ್.ಸಿ.ಯ ಒಟ್ಟು ಅಂಕಗಳು 625. ಇಲ್ಲಿ ಬಳಕೆಗೆ ಬಂದ ಶ್ರೇಣಿಗಳಲ್ಲಿ 563ರಿಂದ ಮೇಲೆ ಎ ಪ್ಲಸ್, 500ರಿಂದ 562ರವರೆಗೆ ಎ, 438ರಿಂದ 499ರವರೆಗೆ ಬಿ ಪ್ಲಸ್, 375ರಿಂದ 437ರವರೆಗೆ ಬಿ, 313ರಿಂದ 374ರವರೆಗೆ ಸಿ ಪ್ಲಸ್, 219ರಿಂದ 312ರವರೆಗೆ ಸಿ. ಈ ಅಂಕೆಗಳನ್ನು ನಿಧಾನವಾಗಿ ನೋಡಿದರೆ ಒಂದು ವೈಷಮ್ಯ ಗೋಚರಿಸುತ್ತದೆ. 562 ಪಡೆದವನಿಗೂ 563 ಪಡೆದವನಿಗೂ ಒಂದೇ ಅಂಕದ ಅಂತರ, ಆದರೆ ಅಕ್ಷರ ಬೇರೆ. 219 ಪಡೆದವನಿಗೂ 312 ಪಡೆದವನಿಗೂ 93 ಅಂಕಗಳ ಅಂತರ, ಆದರೆ ಅಕ್ಷರ ಒಂದೇ. ಮೇಲಿನ ಮೆಟ್ಟಿಲುಗಳೆಲ್ಲ ಶೇ. 10ರ ಅಗಲದವು, ಕೆಳಗಿನ ಮೆಟ್ಟಿಲು ಮಾತ್ರ ಶೇ. 15ರದು. ಕಷ್ಟಪಟ್ಟು 230ರಿಂದ 310ಕ್ಕೆ ಏರಿದ ಮಗುವಿನ ಶ್ರಮವನ್ನು ಈ ಅಕ್ಷರ ಕಾಣುವುದೇ ಇಲ್ಲ. ಯಾವ ಮಗುವಿನ ಪ್ರಗತಿಯನ್ನು ಗುರುತಿಸಿ ಬೆನ್ನು ತಟ್ಟುವುದು ಅತ್ಯವಶ್ಯವೋ ಅಲ್ಲಿಯೇ ಅಳತೆಯು ಒರಟಾಗಿದೆ.

ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಶೇ. 20ರಷ್ಟು ಅಂಕಗಳನ್ನು ಮೀಸಲಿಟ್ಟ ಕ್ರಮವು 2014-15ರ ಸಾಲಿನಲ್ಲಿ ಬಂದಿತು. ಆಗ ಆ ಖಾತೆಯ ಸಚಿವರಾಗಿದ್ದವರು ತೀರ್ಥಹಳ್ಳಿಯ ಶಾಸಕರಾದ ಕಿಮ್ಮನೆ ರತ್ನಾಕರ ಅವರು. ಮೂರು ಗಂಟೆಯ ಬರವಣಿಗೆಯೊಂದೇ ಮಗುವಿನ ಅಳತೆಯಾಗಬಾರದೆಂಬುದು ಅದರ ಆಶಯ. ಆಶಯ ಸಾಧುವಾದರೂ, ಅಳೆಯುವ ಕೈಗಳು ಅನೇಕವಾದಾಗ ಸ್ಟಾರ್ಚ್ ಮತ್ತು ಎಲಿಯಟ್ ಕಂಡ ದೋಷವು ಒಳಗೆ ನುಸುಳುವ ಸಂಭವವೂ ಹೆಚ್ಚುತ್ತದೆ. ಶಿಕ್ಷಕರ ಪ್ರಾಮಾಣಿಕತೆಯೇ ಅಲ್ಲಿ ಕಾವಲು.

ಮೂರು ವರ್ಷ, ಮೂರು ಕೊಳಗ

2024ರ ಪರೀಕ್ಷೆಯಲ್ಲಿ ನಕಲು ತಡೆಯಲು ವೆಬ್‌ಕಾಸ್ಟಿಂಗ್ ನಿಗಾ ಏರ್ಪಟ್ಟಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ ಬಂದ ಫಲಿತಾಂಶ. ಟೀಕೆಗಳ ನಂತರ 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಡಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೆರೆಯ ಸೊರಬದ ಶಾಸಕರೂ ಶಿಕ್ಷಣ ಸಚಿವರೂ ಆದ ಮಧು ಬಂಗಾರಪ್ಪ ಅವರು 2025-26ರ ಸಾಲಿನಿಂದ ಒಟ್ಟಾರೆ ಶೇ. 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಪಡೆದರೆ ಉತ್ತೀರ್ಣರೆಂದು ಪ್ರಕಟಿಸಿದರು. 219ರ ಹೊಸ್ತಿಲು 206ಕ್ಕೆ ಇಳಿಯಿತು.

ಈ ತೀರ್ಮಾನಗಳಲ್ಲಿ ಒಂದೊಂದಕ್ಕೂ ಅದರದೇ ಕಾರಣವಿದ್ದೀತು. ಅನುತ್ತೀರ್ಣವಾದ ಮಗು ಶಾಲೆಯನ್ನೇ ತೊರೆಯಬಾರದೆಂಬ ಕರುಣೆಯೂ ಅಲ್ಲಿದೆ. ಆದರೆ ಸಮಾನವಾದ ಉತ್ತರಪತ್ರಿಕೆ ಬರೆದ ಮೂವರು ಮಕ್ಕಳು ಮೂರು ವರ್ಷಗಳಲ್ಲಿ ಮೂರು ಬಗೆಯ ಫಲ ಪಡೆಯುವಂತಾದುದು ಅಳತೆಯ ಧರ್ಮಕ್ಕೆ ಒಪ್ಪುವಂಥದಲ್ಲ. ಕೊಳಗವನ್ನು ಕಿರಿದು ಮಾಡಿದ ಮಾತ್ರಕ್ಕೆ ಕಣಜದ ಭತ್ತ ಹೆಚ್ಚುವುದಿಲ್ಲ. ಒಮ್ಮೆ ಸೋತವರಿಗೆ ಅದೇ ವರ್ಷ ಮತ್ತೆರಡು ಅವಕಾಶ ಕೊಡುವ, 2023-24ರಿಂದ ಬಂದ ಮೂರು ಪರೀಕ್ಷೆಗಳ ಕ್ರಮವು ಈ ದೃಷ್ಟಿಯಿಂದ ಹೆಚ್ಚು ನ್ಯಾಯವಾದುದು. ಅಲ್ಲಿ ಅಳತೆ ಬದಲಾಗುವುದಿಲ್ಲ, ಬಿತ್ತಲು ಮತ್ತೊಂದು ಹದ ದೊರೆಯುತ್ತದೆ.

ಹೊಲವನ್ನೂ ನೋಡಬೇಕು

ಶಿಸ್ತಿನ ಮೂರನೆಯ ಗುಣವೇ ಶಾಲೆಯ ಶ್ರೇಣಿಯಲ್ಲಿ ಪೂರ್ಣವಾಗಿ ಕಾಣೆಯಾಗಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿತು. ನಾಡಿಗೆ ಬೆಳಕು ಬಂದಿತು, ಆದರೆ ತುಮರಿ ಸೀಮೆಯ ಜನರಿಗೆ ಸಾಗರದ ಹತ್ತಿರದ ದಾರಿ ಲಾಂಚಿನ ಮೇಲಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯು ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಷ್ಟರಲ್ಲಿ ಎರಡು ತಲೆಮಾರಿನ ವಿದ್ಯಾರ್ಥಿಗಳು ಲಾಂಚಿನ ವೇಳೆಗೆ ತಮ್ಮ ಓದಿನ ವೇಳೆಯನ್ನು ಹೊಂದಿಸಿಕೊಂಡು ಬೆಳೆದಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟಿ, ಕಾಡುದಾರಿಯಲ್ಲಿ ನಡೆದು ಶಾಲೆ ಸೇರುವ ಮಗುವಿನ ಬಿ ಶ್ರೇಣಿಯೂ ಪೇಟೆಯಲ್ಲಿ ಮನೆಪಾಠದ ಅನುಕೂಲವಿರುವ ಮಗುವಿನ ಬಿ ಶ್ರೇಣಿಯೂ ಅಂಕಪಟ್ಟಿಯ ಮೇಲೆ ಒಂದೇ ಆಗಿ ಕಾಣುತ್ತವೆ.

ಹಾಗೆಂದು ಹಿನ್ನೀರಿನ ಮಗುವಿಗೆ ಹತ್ತು ಅಂಕ ಹೆಚ್ಚು ಬರೆದುಕೊಡುವುದು ಪರಿಹಾರವಾಗದು. ಅದು ಕೊಳಗವನ್ನೇ ತಿದ್ದಿದಂತೆ. ಶಿವಪ್ಪನಾಯಕನ ಕ್ರಮದಲ್ಲಿ ಖಂಡುಗ ಬದಲಾಗಲಿಲ್ಲ, ಅಳೆದ ಮೇಲಿನ ಕೇಳಿಕೆ ಬದಲಾಯಿತು. ಅದೇ ರೀತಿ ಪರೀಕ್ಷೆಯ ಅಳತೆ ಎಲ್ಲರಿಗೂ ಒಂದೇ ಆಗಿದ್ದು, ಆ ಅಳತೆಯ ಆಧಾರದ ಮೇಲೆ ಕೊಡುವ ನೆರವು, ಮನ್ನಣೆ, ಅವಕಾಶಗಳು ಮಗು ಬೆಳೆದ ಹೊಲವನ್ನು ನೋಡಿ ನಿರ್ಧಾರವಾಗಬೇಕು.

ಇಲ್ಲಿ ಹೊಣೆ ಸರ್ಕಾರದ ಮೇಲೆ ಮಾತ್ರ ಇಲ್ಲ. ಬಸದಿಗಳ ಟ್ರಸ್ಟುಗಳೂ ಸಮಾಜದ ಸಂಘಗಳೂ ವರ್ಷ ವರ್ಷ ಪ್ರತಿಭಾ ಪುರಸ್ಕಾರವನ್ನು ಏರ್ಪಡಿಸುತ್ತವೆ. ಆಹ್ವಾನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಒಂದೇ ಗೆರೆ ಇರುತ್ತದೆ: ಶೇ. 85 ಅಥವಾ ಶೇ. 90ಕ್ಕೆ ಮೇಲ್ಪಟ್ಟವರು ಅರ್ಜಿ ಸಲ್ಲಿಸಬಹುದು. ಈ ಗೆರೆಯಿಂದ, ನೆರವು ಯಾರಿಗೆ ಅತ್ಯವಶ್ಯವೋ ಅವರು ಹೊರಗುಳಿಯುತ್ತಾರೆ, ಯಾರಿಗೆ ಈಗಾಗಲೇ ಎಲ್ಲವೂ ಇದೆಯೋ ಅವರ ಕೈಗೆ ಮತ್ತೊಂದು ಫಲಕ ಸೇರುತ್ತದೆ. ಟ್ರಸ್ಟುಗಳು ಕೆಲವು ಸುಲಭ ಮಾರ್ಗಗಳನ್ನು ಅನುಸರಿಸಬಹುದು. ಅರ್ಜಿಯಲ್ಲಿ ಅಂಕದ ಜೊತೆಗೆ ಶಾಲೆಯ ದೂರ, ಮನೆಯ ಸ್ಥಿತಿ, ಹಿಂದಿನ ತರಗತಿಯ ಅಂಕಗಳನ್ನೂ ಕೇಳಿ, ಏರಿದ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಎರಡನೆಯ ಅಥವಾ ಮೂರನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೂ ವಿದ್ಯಾರ್ಥಿವೇತನದ ಒಂದು ಪಾಲನ್ನು ಮೀಸಲಿಡಬಹುದು. ನಿಯಮವನ್ನು ವರ್ಷದ ಆರಂಭದಲ್ಲಿಯೇ ಪ್ರಕಟಿಸಿ, ಪರಿಚಯದವರ ಮಗುವಿಗಾಗಿ ಕೊನೆಯಲ್ಲಿ ತಿದ್ದದಿರಬಹುದು. ಈ ಕೊನೆಯದು ನೇರವಾಗಿ ಅಚೌರ್ಯಕ್ಕೆ ಸೇರಿದ ಮಾತು.

ಜೈನದರ್ಶನಕ್ಕೆ ಶ್ರೇಣಿಗಳು ಹೊಸವೇನಲ್ಲ. ಹದಿನಾಲ್ಕು ಗುಣಸ್ಥಾನಗಳು ಆತ್ಮವಿಕಾಸದ ಮೆಟ್ಟಿಲುಗಳೇ ಆಗಿವೆ. ಆದರೆ ಗುಣಸ್ಥಾನವು ಜೀವದ ಸದ್ಯದ ಅವಸ್ಥೆಯನ್ನು ಹೇಳುತ್ತದೆ. ಮೊದಲ ಮೆಟ್ಟಿಲಿನಲ್ಲಿರುವ ಭವ್ಯಜೀವಕ್ಕೂ ಮೇಲೇರುವ ಶಕ್ತಿಯುಂಟು, ಹನ್ನೊಂದನೆಯದನ್ನು ಮುಟ್ಟಿದವನೂ ಕೆಳಗಿಳಿಯಬಲ್ಲನು. ಸಿ ಎಂಬ ಅಕ್ಷರವೂ ಒಂದು ಮಾರ್ಚ್ ತಿಂಗಳಿನ ಅವಸ್ಥೆ. ಅದನ್ನು ಮಗುವಿನ ಹೆಸರಾಗಿ ಕರೆಯುವ ಹಕ್ಕು ತಂದೆತಾಯಿಗಳಿಗಾಗಲಿ, ಶಾಲೆಗಾಗಲಿ, ಸಮಾಜಕ್ಕಾಗಲಿ ಇಲ್ಲ. ಫಲಿತಾಂಶದ ದಿನ ಮನೆಗೆ ಬಂದ ಮಗುವಿಗೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಬಂತು?’ ಎಂಬುದಕ್ಕಿಂತ ‘ಊಟವಾಯಿತೆ?’ ಎಂಬುದಾದರೆ, ಅಳತೆಯು ಅದರ ಸ್ಥಾನದಲ್ಲಿ ಉಳಿಯುತ್ತದೆ, ಮಗುವೂ ಅದರ ಸ್ಥಾನದಲ್ಲಿ ಉಳಿಯುತ್ತದೆ.