ಬ್ರೋಕರ್, ಪತ್ರ ಬರಹಗಾರ, ವಕೀಲ

ಕೆಂಗೇರಿ ಕಡೆ ಮನೆ ಕೊಳ್ಳಲು ಹೊರಟ ಗೆಳೆಯ ಮೊನ್ನೆ ಕೇಳಿದ: "ಹೇಗೂ ನೋಂದಣಿ ಆಗತ್ತಲ್ಲ, ಮತ್ತೆ ವಕೀಲರಿಗೆ ಯಾಕೆ ದುಡ್ಡು?" ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1945ರಲ್ಲಿ ಹುಟ್ಟಿದ ಸಿಐಟಿಬಿ ರಾಜಾಜಿನಗರದಲ್ಲಿ ಸೈಟು ಹಂಚಿದಾಗ ಮಾರುವವರು ಮಂಡಳಿಯವರೇ. ಮೊದಲ ಮಾಲೀಕರಿಗೆ ಬ್ರೋಕರ್ ಬೇಕಿರಲಿಲ್ಲ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಬಿಡಿಎ ಸೈಟಿಗೆ ಮೊದಲು ಗುತ್ತಿಗೆ ಸಹಿತ ಕ್ರಯದ ಕರಾರು, ಹತ್ತು ವರ್ಷ ಕಳೆದ ಮೇಲೆ ಶುದ್ಧ ಕ್ರಯಪತ್ರ. ಅಷ್ಟು ಕಾಯಲಾರದ ಕೆಲವರು ಜಿಪಿಎ ಬರೆದುಕೊಟ್ಟು ಮಾರಿದರು. ಬ್ರೋಕರ್ ಗಿರಾಕಿ ತಂದ, ಪತ್ರ ಬರಹಗಾರ ಚಕ್ಕುಬಂದಿ ಸಮೇತ ಬರೆದ. ಎಲ್ಲರ ಕೆಲಸವೂ ಆಯ್ತು, ಒಡೆತನ ಮಾತ್ರ ದಾಟಲಿಲ್ಲ! 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಬರೀ ಜಿಪಿಎಯಿಂದ ಒಡೆತನ ಬರುವುದಿಲ್ಲ.

2017ರಿಂದ ರೇರಾ ಯೋಜನೆಗಳ ಮನೆ ಮಾರಿಸುವ ಬ್ರೋಕರ್‌ಗಳೂ ನೋಂದಾಯಿಸಿಕೊಳ್ಳಬೇಕು. ಆದರೂ ಹಕ್ಕಿಗೆ ಅವರು ಜಾಮೀನಲ್ಲ. 1908ರ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಪತ್ರ ದಾಖಲಿಸುತ್ತಾರೆ, ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ಅಂತ ತೀರ್ಪು ಕೊಡುವುದಿಲ್ಲ. ಇಸಿಯಲ್ಲಿ ಕಾಣುವುದೂ ನೋಂದಣಿಯಾದ ವ್ಯವಹಾರ ಮಾತ್ರ. ಹಂಚಿಕೆ ಪತ್ರದಿಂದ ಇವತ್ತಿನ ಖಾತೆಯವರೆಗೆ ಕೊಂಡಿ ಎಲ್ಲಿ ಕಳಚಿದೆ ಅಂತ ಹುಡುಕುವವರು ವಕೀಲರೊಬ್ಬರೇ.

ಗೆಳೆಯನಿಗೆ ಇಷ್ಟೇ ಹೇಳಿದೆ: ಅಡ್ವಾನ್ಸ್ ಕೊಡೋ ಮೊದಲು ಕಾಗದ ತೋರಿಸು ಮಾರಾಯ, ಕೊಟ್ಟ ಮೇಲಲ್ಲ.